ಗಿರಣಿ ಕಾಕಾ ಮುಗಿಸಿದ ಹಾಡು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಅಫಜಲಪುರದ ಅರ್ಧ ಜನಕ್ಕೆ ಅದು ಯಾರದೆಂದು ಗೊತ್ತಾಗಲಿಕ್ಕಿಲ್ಲ. ಊರಿಗೆಲ್ಲ ಅವರು ಗಿರಣಿ ಕಾಕಾ. ಹಿಟ್ಟಿನ ಗಿರಣಿಗಳು ನಮ್ಮೂರಿನಲ್ಲಿ ಐದಾರು ಇವೆ, ಆದರೆ 'ಗಿರಣಿಗೆ ಹೋಗಿ ಬರ್ತೇನಿ' ಎಂದು ಯಾರಾದರೂ ಹೇಳಿದರೆ ಅದು ಅವರ ಗಿರಣಿಯೇ. ಹೋದ ದೀಪಾವಳಿಗೆ ಎಂಟು ದಿನ ಮುಂಚೆ ಅವರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಒಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಊರಾಗ ಇನ್ನ ಇಂಗ್ಲಿಷ್ ಹಾಡು ಬಂದ್ ಆದಂಗ" ಎಂದರು. ಆ ಮಾತಿಗೆ ನನಗೆ ಸಿಟ್ಟು ಬಂತು. ಬಂದ್ ಆಗಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಹಿಟ್ಟಿನ ಗಿರಣಿಗೂ, ಐವತ್ತು ವರ್ಷದ ಹಿಂದೆ ದೂರದೇಶದ ಉದ್ದಗೂದಲಿನ ಹುಡುಗರು ಗಿಟಾರು ಬಾರಿಸುತ್ತ ಹಾಡಿದ ರಾಕ್ ಹಾಡುಗಳಿಗೂ ಎಲ್ಲಿಯ ನಂಟು ಎಂದು ಕೇಳಿದವರಿಗೆಲ್ಲ ಕಾಕಾನದು ಒಂದೇ ಉತ್ತರ.

"ಗಿರಣಿ ಚಾಲೂ ಇದ್ದಾಗ ಕೇಳಸೂ ಹಾಡು ಇವ ಅಷ್ಟಽ ರೀ. ಬ್ಯಾರೆ ಹಾಡು ಹಚ್ಚಿದ್ರ ಹಿಟ್ಟಿನಾಗ ಹೂತು ಹೋಗ್ತಾವ."

ಹರೆಯದಲ್ಲಿ ಅವರು ಸೊಲ್ಲಾಪುರದ ಮಗ್ಗದ ಕಾರ್ಖಾನೆಯೊಂದರಲ್ಲಿ ನಾಲ್ಕೈದು ವರ್ಷ ದುಡಿದಿದ್ದರು. ಅಲ್ಲಿಯ ಹಳೇ ಸಾಮಾನಿನ ಬಜಾರಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟು ಕೊಂಡರು. ಒಂದರ ಮೇಲೂ ಹೆಸರಿಲ್ಲ, ಚಿತ್ರವಿಲ್ಲ. ಮರಾಠಿ ಲಾವಣಿ ಇರಬಹುದು ಎಂದುಕೊಂಡು ತಂದದ್ದು, ಹಚ್ಚಿದರೆ ಈ ಗದ್ದಲ. "ಮೊದಲನೇ ದಿನ ಟೇಪ್ ಕೆಟ್ಟದ ಅನಕೊಂಡೆ. ಮರುದಿನ ತಿಳೀತು, ಕೆಟ್ಟವ ನಾನಽ ಅಂತ" ಎಂದು ನಗುತ್ತಿದ್ದರು.

ಅವರದು ಬೌದ್ಧರ ಮನೆ. ಗಿರಣಿಯ ಗೋಡೆಗೆ ಬುದ್ಧನ ಒಂದು ಪಟ, ಅದರ ಕೆಳಗೆ ಟೇಪ್ ರೆಕಾರ್ಡರ್, ಎರಡರ ಮೇಲೂ ಸದಾ ತೆಳ್ಳಗೆ ಹಿಟ್ಟು. ಗಿರಣಿ ಇಟ್ಟ ಹೊಸದರಲ್ಲಿ ಕೆಲವು ಓಣಿಯ ಡಬ್ಬಿಗಳು ಅವರ ಬಾಗಿಲು ದಾಟಿ ಮುಂದಿನ ಗಿರಣಿಗೆ ಹೋಗುತ್ತಿದ್ದವಂತೆ. ಕಾಕಾ ಬೀಸುವ ಕಲ್ಲಿಗೆ ಹೊಸ ಹಲ್ಲು ಹೊಡೆಸಿ ಹಿಟ್ಟು ಸಣ್ಣಗೆ ಬೀಳುವಂತೆ ನೋಡಿಕೊಂಡರು, ಟೇಪಿನ ದನಿ ಇನ್ನೊಂದಿಷ್ಟು ಏರಿಸಿದರು. ವರ್ಷ ತುಂಬುವುದರೊಳಗೆ ಆ ಡಬ್ಬಿಗಳೂ ಸಾಲಿನಲ್ಲಿ ಬಂದು ಕೂತವು. ಅವುಗಳಲ್ಲಿ ನಮ್ಮ ಮನೆಯದೂ ಒಂದು.

ನಾನು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗತೊಡಗಿದ್ದು ಹೈಸ್ಕೂಲಿನಲ್ಲಿದ್ದಾಗ. ಪ್ರತಿ ಡಬ್ಬಿಗೂ ಮನೆಯವರ ಹೆಸರಿನ ಚೀಟಿ ಅಂಟಿಸಿರುತ್ತಿದ್ದರು. ಬೀಸಿ ಆದ ಮೇಲೆ ಕಾಕಾ ಆ ಚೀಟಿಯ ಮೇಲೆ, ಆ ಜೋಳ ಬೀಸುವಾಗ ಯಾವ ಹಾಡು ಓಡುತ್ತಿತ್ತು ಎಂಬುದನ್ನು ಬರೆದು ಕೊಡುತ್ತಿದ್ದರು. ಹಾಡಿನ ನಿಜವಾದ ಹೆಸರು ಅವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೆಸರು ಇಡುತ್ತಿದ್ದವರು ಸಾಲಿನಲ್ಲಿ ಕೂತ ಹೆಂಗಸರು. ಡ್ರಮ್ಮಿನ ಹೊಡೆತ ಜೋಳದ ರೊಟ್ಟಿ ಬಡಿದಂತೆ ಕೇಳಿಸುವುದು ರೊಟ್ಟಿ ಹಾಡು. ಎರಡು ಗಿಟಾರುಗಳು ಒಂದಕ್ಕೊಂದು ಬಿಡದೆ ಎದುರುತ್ತರ ಕೊಡುವುದು ನೆಗೆಣ್ಣಿ ಹಾಡು. ನಿಧಾನಕ್ಕೆ ಶುರುವಾಗಿ ಕೊನೆಗೆ ಓಡುವುದು ಬಂಡಿ ಹಾಡು. ಯುಗಾದಿಯ ಹೋಳಿಗೆಗೆ ಗೋಧಿ ತಂದವರು, "ಕಾಕಾ, ನೆಗೆಣ್ಣಿ ಹಾಡಿನಾಗ ಬೀಸಬ್ಯಾಡ್ರಿ, ಹಬ್ಬದ ದಿನ ಮನ್ಯಾಗ ಜಗಳ ಬ್ಯಾಡ" ಎನ್ನುವರು. ಕಾಕಾ ಕ್ಯಾಸೆಟ್ಟು ಬದಲಿಸಿ ಬೀಸಿ ಕೊಡುವರು.

ಹಿಟ್ಟು ಸಣ್ಣಗೆ ಬಿದ್ದಿದೆಯೋ ಇಲ್ಲವೋ ಎಂದು ನೋಡಲು ಅವರು ಹೆಬ್ಬೆರಳು, ತೋರುಬೆರಳ ನಡುವೆ ಚಿಟಿಕೆ ಹಿಟ್ಟು ಹಿಡಿದು ತಿಕ್ಕುತ್ತಿದ್ದರು. ಹೊಸ ಹಾಡು ಕೇಳುವಾಗಲೂ ಅದೇ. ಕಣ್ಣು ಅರ್ಧ ಮುಚ್ಚಿ ಖಾಲಿ ಬೆರಳನ್ನು ಗಾಳಿಯಲ್ಲಿ ತಿಕ್ಕುವುದು, ಆಮೇಲೆ ತೀರ್ಪು ಕೊಡುವುದು. "ಸಣ್ಣಗ ಬಿದ್ದದ" ಎಂದರೆ ಆ ಹಾಡು ಗೆದ್ದಂತೆ. "ಇನ್ನೊಮ್ಮಿ ಹಾಕಬೇಕು" ಎಂದರೆ ಅದು ಕಾಯಬೇಕು.

ನನಗೆ ಚಿಕ್ಕಂದಿನಿಂದಲೂ ಒಂದು ದುರ್ಗುಣ, ಕಂಡದ್ದನ್ನೆಲ್ಲ ತಿದ್ದುವುದು. ಅದೇ ಮುಂದೆ ಹೊಟ್ಟೆಪಾಡೂ ಆಯಿತು. ಜೇವರ್ಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನೌಕರಿ ಸಿಕ್ಕ ದಿನ ಪೇಢೆ ಹಿಡಿದುಕೊಂಡು ಗಿರಣಿಗೆ ಹೋದೆ. ಅಲ್ಲಿಯತನಕ "ಏನ್ ಬೇ" ಎನ್ನುತ್ತಿದ್ದ ಕಾಕಾ ಕೈಯ ಹಿಟ್ಟು ಒರೆಸಿಕೊಂಡು, "ಬರ್ರಿ ಟೀಚರ್" ಎಂದರು. ಮೊದಲಿನ ಹಾಗೇ ಕರೆಯಿರಿ ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅಂದಿನಿಂದ ನಾನು ಕ್ಯಾಸೆಟ್ಟಿನ ಹಾಡುಗಳ ನಿಜವಾದ ಹೆಸರು ಹುಡುಕಿ ಚೀಟಿಗಳನ್ನು ತಿದ್ದಲು ಹೊರಟೆ. ಅವರು ವಿನಯದಿಂದ ಕೇಳಿಸಿಕೊಳ್ಳುವರು, "ಹೌದ್ರಿ, ಹೌದ್ರಿ" ಎನ್ನುವರು, ಮರುದಿನ ಚೀಟಿಯ ಮೇಲೆ ಮತ್ತೆ 'ರೊಟ್ಟಿ ಹಾಡು' ಎಂದೇ ಬರೆಯುವರು.

ಅವರ ಹಾಗೆಯೇ ಈ ಹಾಡುಗಳ ಹುಚ್ಚು ಹಿಡಿದವರು ಇನ್ನಿಬ್ಬರಿದ್ದರು. ಒಬ್ಬರು ಆಳಂದ ಡಿಪೋದ ಬಸ್ ಡ್ರೈವರ್, ಇನ್ನೊಬ್ಬರು ಗಾಣಗಾಪುರದಲ್ಲಿ ಯಾತ್ರಿಕರಿಗೆ ಲಾಡ್ಜ್ ನಡೆಸುವವರು. ಮೊಬೈಲು ಬರುವ ಮುಂಚೆ ಈ ಮೂವರ ನಡುವೆ ಕ್ಯಾಸೆಟ್ಟುಗಳು ಡ್ರೈವರ್ ಸಾಹೇಬರ ಸೀಟಿನ ಕೆಳಗೆ ಕೂತು ಓಡಾಡುತ್ತಿದ್ದವು. ಮೊಬೈಲು ಬಂದ ಮೇಲೆ ನಾನು 'ಗಿರಣಿ ಬಳಗ' ಎಂದು ಒಂದು ಗ್ರೂಪ್ ಮಾಡಿಕೊಟ್ಟೆ. ಇನ್ನು ಕ್ಯಾಸೆಟ್ಟು ಬೇಡ, ಹಾಡಿನ ಲಿಂಕ್ ಕಳಿಸಿದರೆ ಸಾಕು ಎಂದು ಹೇಳಿಕೊಟ್ಟೆ. ಮೊದಲ ದಿನವೇ ಹುರುಪಿನಿಂದ ನಾನೇ ಹತ್ತು ಲಿಂಕ್ ಕಳಿಸಿದೆ. ಕಾಕಾ ಅವುಗಳಲ್ಲಿ ಒಂದನ್ನೂ ತೆರೆಯಲಿಲ್ಲ. ಸಂಜೆ ಅವರ ದನಿಯ ಮೆಸೇಜು ಬಂತು, ಹಿಂದೆ ಗಿರಣಿಯ ಗುಂಯ್ ಎನ್ನುವ ಸದ್ದು.

"ಟೀಚರ್, ಖಾಲಿ ಡಬ್ಬಿ ಯಾಕ ಕಳಿಸೀರಿ?"

ಅವರ ಲೆಕ್ಕದಲ್ಲಿ ಬರೀ ಲಿಂಕ್ ಎಂದರೆ ಖಾಲಿ ಡಬ್ಬಿ. ಹಾಡನ್ನು ಎಲ್ಲಿ ಕೇಳಿದಿರಿ, ಕೇಳುವಾಗ ಏನು ಮಾಡುತ್ತಿದ್ದಿರಿ, ಎಷ್ಟನೇ ನಿಮಿಷಕ್ಕೆ ಮೈ ಜುಮ್ಮೆಂದಿತು, ಇಷ್ಟನ್ನು ಬರೆದು ಕಳಿಸಿದರೆ ಮಾತ್ರ ಅವರು ಕೇಳುವುದು. ಅದೇ ಬಳಗದ ಕಾಯಿದೆಯಾಯಿತು. ಡ್ರೈವರ್ ಸಾಹೇಬರು ಬರೆಯುತ್ತಿದ್ದರು: 'ಜಿಡಗಾ ದಾಟಿದ ಮೇಲೆ ಬಸ್ಸಿನಾಗ ಇಬ್ಬರೇ ಉಳಿದಿದ್ದರು. ಎರಡನೇ ನಿಮಿಷಕ್ಕೆ ಡ್ರಮ್ಮು ಬರ್ತದ, ಘಾಟಿನಾಗ ಗೇರ್ ಬದಲಿಸಿದಂಗ.' ಲಾಡ್ಜಿನವರು: 'ಹುಣ್ಣಿಮೆಯ ಜನ ಖಾಲಿ ಮಾಡಿದ ಮೇಲೆ ಕೋಣೆ ಗುಡಿಸುತ್ತ ಕೇಳಿದೆ. ಕಸಬರಿಗೆ ಬಿಟ್ಟು ಕೂತೆ.' ದೊಡ್ಡ ದೊಡ್ಡ ಊರುಗಳ ಸಂಗೀತಪ್ರೇಮಿಗಳ ಗ್ರೂಪುಗಳಲ್ಲೂ ನಾನಿದ್ದೇನೆ. ಅಲ್ಲಿ ಲಿಂಕುಗಳು ಮಳೆ ಬಿದ್ದಂತೆ ಬೀಳುತ್ತವೆ, ಯಾರೂ ಯಾರದನ್ನೂ ಕೇಳುವುದಿಲ್ಲ. ನಮ್ಮ ಬಳಗದಲ್ಲಿ ವಾರಕ್ಕೆ ಎರಡೋ ಮೂರೋ ಬರುತ್ತಿದ್ದವು, ಒಂದೂ ಕೇಳದೆ ಉಳಿಯುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಅರ್ಧದ ಹಾಡಿನ ವಿಷಯ ಹೇಳಬೇಕು.

ಸೊಲ್ಲಾಪುರದ ಆ ಪೆಟ್ಟಿಗೆಯ ಕೊನೆಯ ಕ್ಯಾಸೆಟ್ಟಿನಲ್ಲಿ ಒಂದು ಹಾಡಿತ್ತು. ಒಂಟಿ ಗಿಟಾರು ಮೆಲ್ಲಗೆ ಏರುತ್ತದೆ, ಒಬ್ಬ ಗಂಡಸು ಯಾರನ್ನೋ ಕರೆದಂತೆ ಹಾಡುತ್ತಾನೆ, ಗಿಟಾರು ಇನ್ನೂ ಏರುತ್ತದೆ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಟಕ್. ಯಾರೋ ರೆಕಾರ್ಡು ಮಾಡಿಕೊಳ್ಳುವಾಗ ಟೇಪು ಮುಗಿದಿತ್ತು. ಮೊದಲ ಹತ್ತು ವರ್ಷ ಕಾಕಾ ಕಂಡವರನ್ನೆಲ್ಲ ಕೇಳಿದರು, ಇದರ ಉಳಿದರ್ಧ ಎಲ್ಲಾದರೂ ಸಿಗುತ್ತದೆಯೇ ಎಂದು. ಆಮೇಲೆ ಕೇಳುವುದನ್ನು ಬಿಟ್ಟರು. ಅಷ್ಟೊತ್ತಿಗೆ ಅವರದೇ ಅರ್ಧ ತಯಾರಾಗಿತ್ತು. ಮುಂದೆ ನಾನು ಹಾಡುಗಳ ಹೆಸರು ಹುಡುಕಿದಾಗಲೂ ಇದೊಂದು ಸಿಗಲಿಲ್ಲ.

ಅದನ್ನು ಅವರು ಹಚ್ಚುತ್ತಿದ್ದದ್ದು ಮಧ್ಯಾಹ್ನದ ಊಟಕ್ಕೆ ಗಿರಣಿ ನಿಲ್ಲಿಸುವ ಮುಂಚಿನ ಕೊನೆಯ ಡಬ್ಬಿಗೆ. ಹಾಡು ಟಕ್ ಎನ್ನುವುದಕ್ಕೂ ಜೋಳ ಮುಗಿಯುವುದಕ್ಕೂ ಸರಿಹೊಂದುವಂತೆ ನೋಡಿಕೊಂಡು ಮೋಟಾರು ಬಂದ್ ಮಾಡುವರು. ಬಂದ್ ಮಾಡಿದರೂ ಕಲ್ಲು ಕೂಡಲೇ ನಿಲ್ಲುವುದಿಲ್ಲ, ಸದ್ದು ಇಳಿಯುತ್ತ ಬರುತ್ತದೆ. ಆ ಇಳಿಯುವ ಸದ್ದಿನ ಮೇಲೆ ಕಾಕಾ ಬಾಯಿ ಮುಚ್ಚಿ, ಮೂಗಿನಿಂದ ಒಂದು ರಾಗ ಎಳೆಯುವರು. ಎಲ್ಲಿ ಗಿಟಾರು ಬಿಟ್ಟಿತ್ತೋ ಅಲ್ಲಿಂದ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸುವರು. ಸಾಲಿನಲ್ಲಿ ಕೂತ ಹೆಂಗಸರೂ ದನಿಗೂಡಿಸುವರು. ಕಲ್ಲು ನಿಲ್ಲುವ ಹೊತ್ತಿಗೆ, ಮೋಟಾರಿನಿಂದ ಕಲ್ಲಿಗೆ ಬಿಗಿದ ಪಟ್ಟಾ ಒಮ್ಮೆ ಟಪ್ ಎಂದು ಬಡಿಯುತ್ತದೆ. ಅಲ್ಲಿಗೆ ಹಾಡು ಮುಗಿಯಿತು. ಮೂವತ್ತು ವರ್ಷ ಹೀಗೆ ನಡೆದಿದೆ. ನಮ್ಮ ಓಣಿಯಲ್ಲಿ ಕೂಸಿಗೆ ತೊಟ್ಟಿಲು ತೂಗುವಾಗ ಆ ಇಳಿಯುವ ರಾಗವನ್ನು ಗುನುಗುವವರಿದ್ದಾರೆ. ಅದು ಎಲ್ಲಿಯದೆಂದು ಅವರಿಗೆ ನೆನಪೂ ಇರಲಿಕ್ಕಿಲ್ಲ.

ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಜೇವರ್ಗಿಯಿಂದ ಊರಿಗೆ ಬರುವ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಡ್ರೈವರ್ ಸಾಹೇಬರ ಲಿಂಕ್ ಕೇಳುತ್ತಿದ್ದೆ. ಅದು ಮುಗಿದು ಮೊಬೈಲು ತಾನಾಗಿ ಮುಂದಿನ ಹಾಡಿಗೆ ಹೋಯಿತು. ಒಂಟಿ ಗಿಟಾರು ಮೆಲ್ಲಗೆ ಏರತೊಡಗಿತು. ಯಾರನ್ನೋ ಕರೆಯುವ ಅದೇ ಗಂಡಸು. ನಾನು ಎದ್ದು ನಿಂತೆನಂತೆ, ಪಕ್ಕದಲ್ಲಿ ಕೂತಾಕೆ, "ಯಾಕ್ರಿ, ನಿಮ್ಮ ಸ್ಟಾಪ್ ಬಂತೇನು?" ಎಂದು ಕೇಳಿದಳು. ಟಕ್ ಎನ್ನುವ ಜಾಗ ಬಂತು. ಟಕ್ ಬರಲಿಲ್ಲ. ಹಾಡು ಮುಂದೆ ಹೋಯಿತು.

ಮುಂದೆ ಇಳಿಯುವುದೇ ಇಲ್ಲ ಅದು. ಎಲ್ಲ ವಾದ್ಯಗಳೂ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಆ ಗಂಡಸು ಕೂಗುತ್ತಾನೆ, ಕೂಗುತ್ತಲೇ ಇರುತ್ತಾನೆ. ಕಾಕಾನ ಅರ್ಧದಲ್ಲಿ ಇದ್ದದ್ದು ಇದರಲ್ಲಿ ಒಂದು ಚೂರೂ ಇರಲಿಲ್ಲ.

ಹುಡುಗರ ಒಂದು ಕಾಗುಣಿತ ತಪ್ಪಿದ್ದರೂ ನಿದ್ದೆ ಬಾರದವಳು ನಾನು. ಕಾಕಾ ಹತ್ತು ವರ್ಷ ಹುಡುಕಿದ ಸರಿಯುತ್ತರ ಕೈಯಲ್ಲಿತ್ತು, ಕಳಿಸಲು ಬೆರಳು ಏಳಲಿಲ್ಲ. ಕಳಿಸಿದರೆ ಅವರು ಕಟ್ಟಿದ ಅರ್ಧ ತಪ್ಪು ಎಂದು ಕೆಂಪು ಗೆರೆ ಎಳೆದಂತೆ ಆಗುತ್ತದೆ. ಕಳಿಸದಿದ್ದರೆ ಅವರಿಗೆ ನಿಜ ಗೊತ್ತಾಗುವುದೇ ಇಲ್ಲ. ಕಾಯುವುದಕ್ಕೂ ಸಮಯವಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಅವರ ಬಲಗಿವಿ ಎಂದೋ ಹೋಗಿತ್ತು, ಎಡಗಿವಿಯೂ ಮಂದವಾಗುತ್ತ ಬಂದಿತ್ತು. ಅದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಿರಣಿಯನ್ನು ಆಗಲೇ ಮಗಳು ನೋಡಿಕೊಳ್ಳುತ್ತಿದ್ದಳು. ಐಟಿಐ ಮುಗಿಸಿದ ಹುಡುಗಿ, ಮೋಟಾರು ಬಿಚ್ಚುವುದು ಕಟ್ಟುವುದು ಎಲ್ಲ ಅವಳದೇ. ಕಾಕಾ ಚೀಟಿ ಬರೆಯಲು, ಹಾಡು ಹಚ್ಚಲು ಕೂತಿರುತ್ತಿದ್ದರು.

ಡ್ರೈವರ್ ಸಾಹೇಬರಿಗೆ ಫೋನು ಮಾಡಿದೆ. ಅವರು, "ಕಳಸಬ್ಯಾಡ್ರಿ ಟೀಚರ್. ಆ ಅರ್ಧದ ಮ್ಯಾಗ ಅವರ ಜೀವ ಅದ" ಎಂದರು.

ಎಂಟು ದಿನ ಒದ್ದಾಡಿದೆ. ಒಂಬತ್ತನೆಯ ದಿನ ಕಳಿಸಿದೆ. ಜೊತೆಗೆ ಏನು ಬರೆಯಬೇಕೆಂದೇ ತಿಳಿಯಲಿಲ್ಲ, ಬರೀ ಲಿಂಕ್ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಟೀಚರ್, ಖಾಲಿ ಡಬ್ಬಿ ಯಾಕ ಕಳಿಸೀರಿ?"

ಮರುದಿನ ಭಾನುವಾರ. ಗಿರಣಿಯಲ್ಲಿ ಹತ್ತು ಹನ್ನೆರಡು ಡಬ್ಬಿಗಳ ಸಾಲು. ನಾನು ಕಾಕಾನ ಎಡಗಿವಿಯ ಹತ್ತಿರ ಬಾಗಿ ಕೂಗಿ ಹೇಳಬೇಕಾಯಿತು.

"ಅದು ಅರ್ಧದ ಹಾಡು, ಕಾಕಾ. ಪೂರ್ತಿ ಅದ."

ಅವರು ನನ್ನ ಮುಖ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ ಕೈ ಅಡ್ಡ ಆಡಿಸಿದರು. ಬೀಸುವುದು ನಡುವೆಯೇ ನಿಂತಿತು. ಡಬ್ಬಿ ಅರ್ಧ ಬೀಸಿರುವಾಗ ಆ ಗಿರಣಿ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೂತವರಲ್ಲಿ ಒಬ್ಬ ಮುದುಕಿ, "ಕರೆಂಟ್ ಹೋತೇನು?" ಎಂದು ಕೇಳಿದಳು. "ಇಲ್ಲವ್ವಾ, ಹಾಡು ಬಂದದ" ಎಂದಳು ಮಗಳು. ನನ್ನ ಮೊಬೈಲನ್ನು ಹಳೇ ಸ್ಪೀಕರಿಗೆ ಸಿಕ್ಕಿಸಿದಳು.

ಕಾಕಾ ಎಡಗಿವಿಯನ್ನು ಸ್ಪೀಕರಿನ ಕಡೆ ಮಾಡಿ ಕೂತರು. ಗಿಟಾರು ಏರಿತು. ಟಕ್ ಎನ್ನುವ ಜಾಗ ಬಂದಾಗ ಅವರ ಕೈ ರೂಢಿಯಂತೆ ಸ್ವಿಚ್ಚಿನತ್ತ ಏಳುವುದನ್ನು ನೋಡಿದೆ. ಹಾಡು ಮುಂದೆ ಹೋಯಿತು, ಕೈ ಅಲ್ಲೇ ನಿಂತಿತು. ಮೆಲ್ಲಗೆ ಹೆಬ್ಬೆರಳು ತೋರುಬೆರಳು ಕೂಡಿ ತಿಕ್ಕತೊಡಗಿದವು. ಹೆಂಗಸರೆಲ್ಲ ಹಾಡು ಬಿಟ್ಟು ಆ ಬೆರಳುಗಳನ್ನೇ ನೋಡುತ್ತಿದ್ದರು. ಕೊನೆಯಲ್ಲಿ ಆ ಗಂಡಸು ಕೂಗುತ್ತಿರುವಾಗಲೇ ದನಿ ಕಡಿಮೆಯಾಗುತ್ತ, ಕಡಿಮೆಯಾಗುತ್ತ ಕೇಳದಾಯಿತು.

"ಆತೇನು?" ಎಂದರು ಕಾಕಾ.

"ಆತ್ರಿ."

ಬೆರಳು ತಿಕ್ಕುವುದನ್ನು ನಿಲ್ಲಿಸಿದರು. "ಛಲೋ ಅದ. ಹಿಂಗ ಕೂಗತಾನ ಅಂತ ಗೊತ್ತಿದ್ದಿಲ್ಲ, ಭಾಳ ಛಲೋ ಅದ. ಆದ್ರ ಟೀಚರ್, ಇವರಿಗೆ ಮುಗಸಾಕ ಬಂದಿಲ್ಲ ನೋಡ್ರಿ. ಹಾಡಕೋತನಽ ದೂರ ಹೋಗಿ ಮರೀ ಆಗ್ಯಾರ. ಹಾಡು ಕುಂದ್ರಬೇಕು." ಆಮೇಲೆ ಆ ದೂರದೇಶದವರ ಬಗ್ಗೆ ನಿಜವಾಗಿ ಮರುಗಿ, "ಪಾಪ, ಅವರ ಕಡೆ ಗಿರಣಿ ಇಲ್ಲ" ಎಂದರು.

ನಾನು ಎಂಟು ದಿನ ನಿದ್ದೆಗೆಟ್ಟದ್ದು ನೆನೆದು ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾರದೋ ತಪ್ಪು ಹಿಡಿಯಲು ಹೋಗಿ ಇಷ್ಟು ಸಂತೋಷದಿಂದ ಸೋತದ್ದು ನನಗೆ ನೆನಪಿಲ್ಲ.

"ನಮ್ದು ಹಚ್ಚು, ನಮ್ದು" ಎಂದಳು ಮುದುಕಿ. ಮಗಳು ಅರ್ಧ ಬೀಸಿದ್ದ ಜೋಳಕ್ಕೆ ಗಿರಣಿ ಚಾಲೂ ಮಾಡಿದಳು. ಕಾಕಾ ಆ ಹಳೇ ಕ್ಯಾಸೆಟ್ಟನ್ನೇ ಹಾಕಿದರು. ನಾನು ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡೆ. ಟಕ್, ಮೋಟಾರು ಬಂದ್, ಇಳಿಯುವ ಕಲ್ಲು, ಕಾಕಾ, ಹನ್ನೊಂದು ಹೆಂಗಸರು, ಪಟ್ಟಾದ ಕೊನೆಯ ಹೊಡೆತ. ಅದನ್ನು ಬಳಗಕ್ಕೆ ಕಳಿಸುತ್ತೇನೆ ಎಂದಾಗ ಕಾಕಾ ಬೇಡವೆಂದು ತಲೆ ಆಡಿಸಿದರು.

"ಬಳಗದಾಗ ಎಲ್ಲರಿಗೂ ಗೊತ್ತಽ ಅದಲ್ಲ. ಆ ಹಾಡಿನವರಿಗೆ ಕಳಸ್ರಿ. ಅರ್ಧ ಅವರು ಕೊಟ್ಟಾರ. ಡಬ್ಬಿ ಖಾಲಿ ತಿರಗಿ ಕೊಡಬಾರದು."

ಹಾಗಾಗಿ ಅದನ್ನು ನಾನು ಜಾಲಕ್ಕೆ ಏರಿಸಿದೆ. ಮೂಲ ಹಾಡಿನ ಕೆಳಗೆ, ಜಗತ್ತಿನ ಎಲ್ಲೆಲ್ಲಿನ ಅಭಿಮಾನಿಗಳೋ ಬರೆದ ಸಾವಿರಾರು ಮಾತುಗಳ ನಡುವೆ, ನಮ್ಮ ಲಿಂಕ್ ಅಂಟಿಸಿ ಇಂಗ್ಲಿಷಿನಲ್ಲಿ ಬರೆದೆ: ನಮ್ಮ ಊರಿನಲ್ಲಿ ಈ ಹಾಡು ಮೂವತ್ತು ವರ್ಷಗಳಿಂದ ಹೀಗೆ ಮುಗಿಯುತ್ತದೆ.

ಯಾರೂ ತಿರುಗಿ ನೋಡಲಿಲ್ಲ. ಕಾಕಾ ಪ್ರತಿ ಭಾನುವಾರ, "ಬಂತೇನ್ರಿ?" ಎಂದು ಕೇಳುವರು. ಇಲ್ಲವೆಂದು ಕೈಸನ್ನೆ ಮಾಡುವೆ. "ಬರ್ತದ. ದೂರದ ಮಂದಿ" ಎನ್ನುವರು. ಅವರ ಎಡಗಿವಿ ಪೂರ್ತಿ ಹೋದ ಮೇಲೂ ಬಳಗದಲ್ಲಿ ಲಿಂಕುಗಳು ಬರುತ್ತಿದ್ದವು. ಅವರು ಜೊತೆಗಿನ ಬರಹ ಓದಿ ಬೆರಳು ತಿಕ್ಕಿ, 'ಸಣ್ಣಗ ಬಿದ್ದದ' ಎಂದು ಉತ್ತರಿಸುತ್ತಿದ್ದರು. ಖಾಲಿ ಡಬ್ಬಿ ಕಳಿಸಬೇಡಿ ಎಂಬ ಆ ಕಾಯಿದೆ ಕೊನೆಗೆ ಅವರ ಕೈಹಿಡಿಯಿತು. ಉತ್ತರಕ್ಕಾಗಿ ಒಂದೂವರೆ ವರ್ಷ ಕಾದರು. ಆಮೇಲೆ ಒಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಉತ್ತರ ಬಂದದ್ದು ಹೋದ ವಾರ. ಯಾವ ದೇಶದವರೋ ಗೊತ್ತಿಲ್ಲ, ವಯಸ್ಸಾದವರಿರಬೇಕು. ಹುಡುಗನಾಗಿದ್ದಾಗಿನಿಂದ ಈ ಹಾಡನ್ನು ಕೇಳುತ್ತಿದ್ದೇನೆ, ಇದು ಮುಗಿದದ್ದನ್ನು ಇವತ್ತೇ ಕೇಳಿದೆ ಎಂದು ಬರೆದಿದ್ದರು. ಕೆಳಗೆ ಒಂದು ಪ್ರಶ್ನೆ: ಹಾಡುವವರ ಹಿಂದೆ ಒಂದೇ ಸಮ ಓಡಿ ಕೊನೆಗೆ ಇಳಿಯುವ ಆ ವಾದ್ಯ ಯಾವುದು?

ಮೊಬೈಲು ಹಿಡಿದುಕೊಂಡು ಗಿರಣಿಗೆ ಓಡಿದೆ. ಬುದ್ಧನ ಪಟದ ಪಕ್ಕ ಈಗ ಕಾಕಾನದೂ ಒಂದು ಪಟವಿದೆ, ಆಗಲೇ ಅದರ ಮೇಲೂ ಹಿಟ್ಟು ಕೂತಿದೆ. ನೆಗೆಣ್ಣಿ ಹಾಡು ಜೋರಾಗಿ ಓಡುತ್ತಿತ್ತು. ಮಗಳು ಡಬ್ಬಿಯ ಜೋಳ ಸುರಿಯುತ್ತ ನಾನು ಓದಿದ್ದನ್ನು ಕೇಳಿಸಿಕೊಂಡಳು. ಇನ್ನೊಮ್ಮೆ ಓದಿಸಿದಳು. ಸೆರಗಿನಿಂದ ಅಪ್ಪನ ಪಟದ ಗಾಜು ಒರೆಸಿದಳು. ಆಮೇಲೆ ಚೀಟಿ ಬರೆಯಲು ಪೆನ್ನು ಹುಡುಕುತ್ತ ಹೇಳಿದಳು:

"ಹತ್ತು ಹೆಚ್‌ಪಿ ಮೋಟಾರ್, ಜೋಳದ ಕಲ್ಲು ಅಂತ ಬರೀರಿ ಅಕ್ಕಾ. ಬಾರಿಸಿದವರು ನಮ್ಮಪ್ಪ. ಊರು ಅಫಜಲಪುರ."

ಒಂದಕ್ಷರವನ್ನೂ ತಿದ್ದದೆ ಹಾಗೇ ಬರೆದು ಕಳಿಸಿದೆ.